ಗೆಳೆಯನಿಗೆ ಯಾರು ಸಮಾಧಾನ ಹೇಳಬೇಕು?

ಹಿರಿಯರೇ,

ಗಂಗಾವತಿಯಿಂದ ನೀವು ಬರೆದ ಪತ್ರ ಕೈಸೇರಿತು. ನಿಮ್ಮ ವಾರಿಗೆಯ ಗೆಳೆಯ ತೀರಿಕೊಂಡ ಸುದ್ದಿ ಓದಿ ಸಂಕಟವಾಯಿತು. ಅವರು ಅಕ್ಕಿ ಗಿರಣಿಯಲ್ಲಿ ದುಡಿದವರು, ಪೇಪರಿನಲ್ಲಿ ಒಂದು ದಿನವೂ ಹೆಸರು ಬಂದವರಲ್ಲ ಎಂದಿದ್ದೀರಿ. "ಮಣ್ಣಿಗೆ ಹೋಗಿ ಬಂದೆ. ಮನೆಯವರಿಗೆ ಎಲ್ಲರೂ ಧೈರ್ಯ ಹೇಳಿದರು. ನಾನು ಸುಮ್ನೆ ಒಂದು ಕಡೆ ನಿಂತಿದ್ದೆ. ಇಂಥವನ ಬಗ್ಗೆ ಬರೆದರೆ ಯಾರು ಓದುತ್ತಾರೆ? ಜಗಳವಾಡಿ ಕೆಲವು ವರ್ಷ ಮಾತು ಬಿಟ್ಟಿದ್ದೆವು. ಅದನ್ನೂ ಬರೆಯಬೇಕೇ?" ಎಂದು ಕೇಳಿದ್ದೀರಿ.

ನೀವು ಸುಮ್ನೆ ನಿಂತಿದ್ದೆ ಅಂದಿರಲ್ಲ, ಆ ಮಾತು ನನ್ನನ್ನು ಬಹಳ ಕಾಡಿತು. ನಮ್ಮ ಕಡೆ ಸಾವಾದ ಮನೆಯವರಿಗೆ ಮಾಡಲು ಏನಾದರೂ ಇರುತ್ತದೆ. ಮೂರನೇ ದಿನ, ಹನ್ನೊಂದನೇ ದಿನ ಅಂತ ಬರುತ್ತದೆ. ನೆಂಟರು ಬರುತ್ತಾರೆ, ಬುತ್ತಿ ತರುತ್ತಾರೆ, ಜೊತೆಗೆ ಕೂತು ಅಳುತ್ತಾರೆ. ಗೆಳೆಯನಿಗೆ ಇದ್ಯಾವುದೂ ಇಲ್ಲ. ಅವನು ಹೆಗಲು ಕೊಡುತ್ತಾನೆ, ಹಿಡಿ ಮಣ್ಣು ಹಾಕುತ್ತಾನೆ, ಮನೆಗೆ ಬಂದು ಸ್ನಾನ ಮಾಡುತ್ತಾನೆ. ಅಲ್ಲಿಗೆ ಊರಿನ ಲೆಕ್ಕದಲ್ಲಿ ಅವನ ದುಃಖ ಮುಗಿಯಿತು. ಶಾಲೆಯಲ್ಲಿದ್ದಾಗಿನ ಅಡ್ಡಹೆಸರು ಹಿಡಿದು ನಿಮ್ಮನ್ನು ಕೂಗುತ್ತಿದ್ದ ಕೊನೆಯ ಮನುಷ್ಯ ಹೋಗಿದ್ದಾರೆ. ಅದು ಸಣ್ಣ ನಷ್ಟವಲ್ಲ. ನಿಮಗೂ ಯಾರಾದರೂ ಸಮಾಧಾನ ಹೇಳಬೇಕಿತ್ತು. ತಡವಾದರೂ ನಾವು ಹೇಳುತ್ತಿದ್ದೇವೆ.

ಈಗ ಬರೆಯುವ ಮಾತು. ಯಾರು ಓದುತ್ತಾರೆ ಅಂತ ಕೇಳುವ ಮುಂಚೆ, ಸಾಧ್ಯವಾದರೆ ಒಮ್ಮೆ ಕೊಪ್ಪಳದ ಪಾಲ್ಕಿಗುಂಡು ಬೆಟ್ಟ ಹತ್ತಿ ಬನ್ನಿ. ಮಂಡಿ ನೋವಿದ್ದರೆ ಮೊಮ್ಮಕ್ಕಳನ್ನು ಕಳಿಸಿ. ಅಲ್ಲಿ ಅಶೋಕನ ಶಾಸನವಿದೆ. ಕ್ರಿಸ್ತಪೂರ್ವ 3ನೇ ಶತಮಾನದ್ದು, ಎಲ್ಲರಿಗೂ ಗೊತ್ತಿರುವುದೇ. ಅದರ ಹತ್ತಿರವೇ ಬಂಡೆಯ ಮೇಲೆ ಎರಡು ಪಾದ ಕೆತ್ತಿದ್ದಾರೆ. ಕೆಳಗೆ ಹಳಗನ್ನಡದಲ್ಲಿ ಪುಟ್ಟ ಬರಹ. ಜಟಾಸಿಂಗನಂದಿ ಆಚಾರ್ಯರ ಪಾದವನ್ನು ಚಾವಯ್ಯ ಮಾಡಿಸಿದ, ಇಷ್ಟೇ ಅದರ ಅರ್ಥ. ಆಚಾರ್ಯರು ಸಂಸ್ಕೃತದಲ್ಲಿ 'ವರಾಂಗಚರಿತ' ಬರೆದ ಜೈನ ಕವಿ. ಅವರನ್ನು ವಿದ್ವಾಂಸರು ಬಲ್ಲರು. ಚಾವಯ್ಯ ಯಾರು? ಏನು ಕೆಲಸ ಮಾಡುತ್ತಿದ್ದ? ಆ ಬರಹ ಹೇಳುವುದಿಲ್ಲ. ಅವನು ಹೊಗಳಿಕೆಯ ಒಂದು ಮಾತನ್ನೂ ಸೇರಿಸಲಿಲ್ಲ. ಯಾರ ಪಾದ, ಮಾಡಿಸಿದವರು ಯಾರು, ಅಷ್ಟನ್ನೇ ಬರೆಸಿದ. ನೂರಾರು ವರ್ಷ ಕಳೆದ ಮೇಲೂ ನಾವು ಓದುತ್ತಿದ್ದೇವೆ, ಅಲ್ವಾ?

ಕೊಪಣ ಎಂದು ಹೆಸರಾಗಿದ್ದ ಆ ಊರು ಜೈನರ ದೊಡ್ಡ ತೀರ್ಥವಾಗಿತ್ತು. ಸಲ್ಲೇಖನ ವ್ರತ ಹಿಡಿದು, ಅಂದರೆ ಅನ್ನ ನೀರು ತೊರೆದು, ದೇಹ ಬಿಟ್ಟವರ ನೆನಪಿಗೆ ನಿಸಿದಿ ಕಲ್ಲು ನಿಲ್ಲಿಸುವ ಪದ್ಧತಿ ಜೈನರಲ್ಲಿತ್ತು. ಊರಿಗಾಗಿ, ದನಕರುಗಳಿಗಾಗಿ ಹೋರಾಡಿ ಸತ್ತವರಿಗೆ ವೀರಗಲ್ಲು. ಅಕ್ಕಿ ಗಿರಣಿಯಲ್ಲಿ ಮೂಟೆ ಹೊತ್ತವರಿಗೆ ಯಾರೂ ಕಲ್ಲು ನಿಲ್ಲಿಸಲಿಲ್ಲ. ಅದಕ್ಕೇ ನೀವು ಬರೆಯಬೇಕು ಅನ್ನುತ್ತೇನೆ.

ಆದರೆ "ಸರಳ ಸಜ್ಜನ", "ತುಂಬಲಾರದ ನಷ್ಟ" ಅಂತ ಬರೆಯಬೇಡಿ. ಆ ಮಾತು ಯಾರ ಫೋಟೋದ ಕೆಳಗೆ ಹಾಕಿದರೂ ನಡೆಯುತ್ತದೆ. ನಿಮ್ಮ ಪತ್ರದಲ್ಲೇ ಎಷ್ಟು ಚೆನ್ನಾಗಿ ಬರೆದಿದ್ದೀರಿ ನೋಡಿ. ಒಗ್ಗರಣೆ ಮಿರ್ಚಿ ತಿನ್ನುವಾಗ ಅವರು ಮಿರ್ಚಿಯ ಹಿಟ್ಟನ್ನೆಲ್ಲ ಬಿಡಿಸಿ ನಿಮ್ಮ ತಟ್ಟೆಗೆ ಹಾಕಿ, ಬರೀ ಮೆಣಸಿನಕಾಯಿ ತಿನ್ನುತ್ತಿದ್ದರು. ಕೈತುಂಬ ಭತ್ತ ಹಿಡಿದು ಮೂಸಿ ನೋಡಿಯೇ ಹಸಿಯೋ ಒಣಗಿದ್ದೋ ಹೇಳುತ್ತಿದ್ದರು. ಎಡದಂಡೆ ಕಾಲುವೆಗೆ ನೀರು ಬಿಟ್ಟ ದಿನ ಕೆಲಸ ಬಿಟ್ಟು ನೋಡಲು ಓಡುತ್ತಿದ್ದರು. ಇವನ್ನು ಓದುತ್ತಾ ನಾನು ಅವರನ್ನು ಕಂಡ ಹಾಗಾಯಿತು. ಇಂಥವು ಇನ್ನೂ ಜಾಸ್ತಿ ಬೇಕು. ಅವರ ಬೈಗುಳ, ಬೀಡಿ, ಸಾಲ ಕೊಟ್ಟು ಮರೆಯುತ್ತಿದ್ದದ್ದು, ಯಾವುದನ್ನೂ ಬಿಡಬೇಡಿ. ಅವರು ಮಾತಾಡಿದ್ದನ್ನು ಅವರ ಮಾತಿನಲ್ಲೇ ಬರೆಯಿರಿ. ಗಂಗಾವತಿಯ ಮಾತನ್ನು ನಾವು ತಿದ್ದುವುದಿಲ್ಲ.

ಜಗಳವನ್ನೂ ಬರೆಯಿರಿ. ಹೊಲದ ಬದುವಿನ ವಿಷಯಕ್ಕೆ ಶುರುವಾದ ಮುನಿಸು, ಅವರ ಮಗಳ ಮದುವೆಯಲ್ಲಿ ನೀವೇ ನೀರು ಬಡಿಸಲು ನಿಂತಾಗ ಮುಗಿಯಿತು ಎಂದಿದ್ದೀರಿ. ಮಾತು ಬಿಟ್ಟ ಆ ವರ್ಷಗಳನ್ನು ತೆಗೆದುಹಾಕಿದರೆ ನೀವು ನೀರಿನ ಜಗ್ಗು ಹಿಡಿದದ್ದಕ್ಕೆ ಅರ್ಥವೇ ಉಳಿಯುವುದಿಲ್ಲ. ಯಾರದು ತಪ್ಪು ಎಂದು ತೀರ್ಮಾನ ಮಾಡಲು ಮಾತ್ರ ಹೋಗಬೇಡಿ. ಉತ್ತರ ಕೊಡಲು ಅವರಿಲ್ಲ.

ಒಂದು ಕೋರಿಕೆ. ಅಚ್ಚಿಗೆ ಕೊಡುವ ಮುಂಚೆ ಅವರ ಮನೆಗೆ ಹೋಗಿ ಮನೆಯವರಿಗೆ ಓದಿ ಹೇಳಿ. ಬೇಡ ಅಂದದ್ದನ್ನು ಬಿಡಿ. ಅವರಿಗೆ ಗೊತ್ತಿರುವ ಸಂಗತಿ ನಿಮಗೆ ಗೊತ್ತಿಲ್ಲದ್ದೂ ಇರಬಹುದು, ಅದನ್ನು ಸೇರಿಸಿಕೊಳ್ಳಿ. ಕೈಬರಹದಲ್ಲೇ ಕಳಿಸಿ, ಟೈಪು ನಾವು ಮಾಡಿಕೊಳ್ಳುತ್ತೇವೆ.

ಸಂಪಾದಕ