ಹಾರ್ನ್ ಸಬ್, ರಿಫ್ಲೆಕ್ಸ್ ಸಬ್ ಒಟ್ಟಿಗೆ ಹಾಕಿದಾಗ ಬೇಸ್ ಕಮ್ಮಿ ಆಗೋದು

ಹಾರ್ನ್ ಸಬ್ (ಒಳಗಿನ ಉದ್ದ ಮಡಚಿದ ದಾರಿಯಿಂದ ಸದ್ದು ಹೊರಬಿಡುವ ಬೇಸ್ ಸ್ಪೀಕರ್) ಪಕ್ಕ ರಿಫ್ಲೆಕ್ಸ್ ಸಬ್ (ಪೋರ್ಟ್, ಅಂದರೆ ಗಾಳಿ ಕಿಂಡಿ ಇರುವ ಬೇಸ್ ಸ್ಪೀಕರ್) ಇಟ್ಟು ಎರಡನ್ನೂ ಬಾರಿಸಿದರೆ ಬೇಸ್ ಕಮ್ಮಿ ಆಗುತ್ತೆ, ಹಾರ್ನ್ ಕೆಟ್ಟಿದೆಯಾ ಅಂತ ಕೇಳಿದ್ದೀರಿ. ನಿಮ್ಮ ಮಡಚಿದ ಹಾರ್ನ್ ಬಾಕ್ಸ್ ಕೆಟ್ಟದ್ದಲ್ಲ, ತಡವಾಗಿ ಮಾತಾಡ್ತಿದೆ ಅಷ್ಟೆ. ಒಳಗಿನ ದಾರಿ 2.4 ಮೀಟರ್ ಅಂದಿದ್ದೀರಿ. ಅಂದರೆ ಸದ್ದು ಹೊರಬರಲು ಸುಮಾರು 7 ಮಿಲಿಸೆಕೆಂಡ್. 70 ಹರ್ಟ್ಸ್‌ನಲ್ಲಿ ಅದು ಹೆಚ್ಚುಕಡಿಮೆ ಅರ್ಧ ಅಲೆ. ಪಕ್ಕದ ರಿಫ್ಲೆಕ್ಸ್ ಬಾಕ್ಸ್ ತಳ್ಳುವಾಗ ಇದು ಎಳೆಯುತ್ತದೆ, ಬೇಸ್ ಮಾಯ.

ಮೊದಲು ಸೋರಿಕೆ ನೋಡಿ. 40 ಹರ್ಟ್ಸ್ ಸೈನ್ ಟೋನ್ (ಒಂದೇ ಸ್ವರದ ಸದ್ದು) ಮೆಲ್ಲಗೆ ಹಾಕಿ, ಪ್ಲೈವುಡ್ ಸಂದುಗಳ ಹತ್ತಿರ ಊದುಬತ್ತಿ ಹಿಡಿಯಿರಿ. ಹೊಗೆ ನಡುಗಿದರೆ ಅಲ್ಲಿ ಅಂಟು ಬಿಟ್ಟಿದೆ.

ಆಮೇಲೆ ಬಯಲಿನಲ್ಲಿ ಒಂದೊಂದನ್ನೇ ಬಾರಿಸಿ. ಮೈಕ್ 10 ಮೀಟರ್ ದೂರ, ನೆಲದ ಮೇಲೇ ಇರಲಿ. ಎರಡಕ್ಕೂ ಒಂದೇ ವೋಲ್ಟೇಜ್ ಕೊಡಿ. ಒಂದು 4 ಓಮ್, ಇನ್ನೊಂದು 8 ಓಮ್ ಆಗಿದ್ದರೆ 4 ಓಮ್‌ನದು ಸುಮ್ನೆ 3 ಡೆಸಿಬೆಲ್ ಜಾಸ್ತಿ ತೋರಿಸುತ್ತದೆ, ಮೋಸ ಹೋಗಬೇಡಿ.

ಕೊನೆಗೆ ಎರಡನ್ನೂ ಒಟ್ಟಿಗೆ ಬಾರಿಸಿ, ರಿಫ್ಲೆಕ್ಸ್ ಕೂಡ ಅಷ್ಟೇ ತಡವಾಗುವಂತೆ ಅದಕ್ಕೆ 7 ಮಿಲಿಸೆಕೆಂಡ್ ಡಿಲೇ ಕೊಡಿ. ಪೋರ್ಟಿಗೂ ತನ್ನದೇ ಫೇಸ್ (ಅಲೆಯ ಹಿಂದುಮುಂದು) ಇರುವುದರಿಂದ 7 ಬರೀ ಅಂದಾಜು. 5ರಿಂದ 9ರವರೆಗೆ ಸರಿಸಿ, ಪೊಲಾರಿಟಿಯನ್ನೂ (ಪ್ಲಸ್-ಮೈನಸ್) ಒಮ್ಮೆ ತಿರುಗಿಸಿ ನೋಡಿ. 70 ಹರ್ಟ್ಸ್ ಆಸುಪಾಸಿನಲ್ಲಿ ಸದ್ದಿನ ಮೀಟರ್ ಎಲ್ಲಿ ಅತಿ ಹೆಚ್ಚು ಏರುತ್ತದೋ ಅಲ್ಲೇ ನಿಲ್ಲಿಸಿ. ಹೈಪಾಸ್ (ತೀರಾ ಕೆಳಗಿನ ಸದ್ದು ತಡೆಯುವ ಫಿಲ್ಟರ್) ಮಾತ್ರ ತೆಗೆಯಬೇಡಿ, ಹಾರ್ನ್ ಕಟಾಫ್ (ಹಾರ್ನ್ ಕೆಲಸ ಮಾಡುವ ಕೆಳಮಿತಿ) ಕೆಳಗೆ ಸ್ಪೀಕರ್ ಕೋನ್ ಹಿಡಿತ ತಪ್ಪುತ್ತದೆ.