ಜನ ನರ್ಸಿಂಗ್ ಯಾಕೆ ಸೇರುತ್ತಾರೆ? ಅದೇ ಅಂಕಕ್ಕೆ ಕೊಡಗಿನ ಹುಡುಗಿಗೆ ಬೇರೆ ಯಾವ ದಾರಿಗಳಿದ್ದವು?

ನಮಸ್ಕಾರ ಸರ್. ನೀವು ಕೇಳಿದ್ದು ಇಷ್ಟು: ಸೋಮವಾರಪೇಟೆ ಕಡೆ ಮೂರು ಎಕರೆ ಕಾಫಿ ತೋಟ, ಮಗಳು ದ್ವಿತೀಯ ಪಿಯುಸಿ ಸೈನ್ಸ್. ಅವಳು ನರ್ಸಿಂಗ್ ಮಾಡುತ್ತೇನೆ ಎನ್ನುತ್ತಾಳೆ, ನೆಂಟರು ಬೇಡ ಎನ್ನುತ್ತಾರೆ. ಜನ ನಿಜಕ್ಕೂ ಈ ಕೆಲಸಕ್ಕೆ ಯಾಕೆ ಬರುತ್ತಾರೆ, ಬರದೇ ಇದ್ದಿದ್ದರೆ ಏನಾಗಬಹುದಿತ್ತು?

ನರ್ಸಿಂಗ್ ಕಲಿಸುವ ಕೆಲಸದಲ್ಲಿರುವವಳು ನಾನು, ನೇರವಾಗಿಯೇ ಹೇಳುತ್ತೇನೆ. ಸಂದರ್ಶನದಲ್ಲಿ ಎಲ್ಲರೂ ಸೇವೆ ಎನ್ನುತ್ತಾರೆ. ಅದು ಸುಳ್ಳಲ್ಲ, ಆದರೆ ನಿರ್ಧಾರ ಮಾಡಿಸುವ ಕಾರಣಗಳು ಬೇರೆಯೇ ಇರುತ್ತವೆ. ನೀಟ್‌ನಲ್ಲಿ ಎಂಬಿಬಿಎಸ್‌ಗೆ ಬೇಕಾದಷ್ಟು ಅಂಕ ಬರಲಿಲ್ಲ. ಕೋರ್ಸ್ ಮುಗಿದ ಕೂಡಲೇ ಕೆಲಸ ಸಿಗುತ್ತದೆ. ಕುಟ್ಟ, ಮಾಕುಟ್ಟದ ಆಚೆಗೆ ಕೇರಳದಲ್ಲಿ ಮನೆಗೊಬ್ಬರಂತೆ ಗಲ್ಫಿಗೋ ಇಂಗ್ಲೆಂಡಿಗೋ ಹೋಗಿರುವುದು ಕಣ್ಣಿಗೆ ಕಾಣುತ್ತದೆ. ಕಾಫಿ ರೇಟು ಒಂದು ವರ್ಷ ಏರಿ ಮೂರು ವರ್ಷ ಮಲಗುವ ಊರಿನಲ್ಲಿ ತಿಂಗಳ ಸಂಬಳ ಎನ್ನುವುದೇ ದೊಡ್ಡ ಆಕರ್ಷಣೆ. ತೋಟದ ಲೈನ್ ಮನೆಯಿಂದ, ಅಂದರೆ ಕಾರ್ಮಿಕರ ಸಾಲುಮನೆಯಿಂದ, ಬರುವ ಮಕ್ಕಳಿಗಂತೂ ಮನೆಯವರೆಲ್ಲರ ಬದುಕನ್ನು ಮೇಲೆತ್ತುವ ಮೊದಲ ಸಂಬಳ ಇದೇ ಆಗಿರುತ್ತದೆ. ಇನ್ನು ಕೆಲವರು ಅಜ್ಜಿಯನ್ನೋ ಅಪ್ಪನನ್ನೋ ಆಸ್ಪತ್ರೆಯಲ್ಲಿ ನೋಡಿಕೊಂಡಾಗ ಅಲ್ಲಿನ ಒಬ್ಬ ಸಿಸ್ಟರನ್ನು ಗಮನಿಸಿ ಬಂದವರು.

ಇವುಗಳಲ್ಲಿ ಯಾವ ಕಾರಣವೂ ಕೀಳಲ್ಲ. ದುಡ್ಡಿಗೆಂದು ಬಂದವರು ಒಳ್ಳೆಯ ನರ್ಸ್ ಆಗುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಸೇರುವಾಗಿನ ಕಾರಣಕ್ಕಿಂತ ಮುಖ್ಯವಾದದ್ದು, ಆ ಕೆಲಸದ ವಿವರ ಅವಳಿಗೆ ಹಿಡಿಸುತ್ತದೆಯೇ ಎಂಬುದು. ಒಂದೇ ಒಂದು ಕಾರಣದ ಬಗ್ಗೆ ಎಚ್ಚರ ಬೇಕು: 'ಎಂಬಿಬಿಎಸ್ ಸಿಗಲಿಲ್ಲ, ಅದಕ್ಕೇ ಇದು'. ನರ್ಸಿಂಗ್ ಡಾಕ್ಟರಿಕೆಯ ಕೆಳಗಿನ ಮೆಟ್ಟಿಲಲ್ಲ, ಇಲ್ಲಿಂದ ಅಲ್ಲಿಗೆ ಬಡ್ತಿಯೂ ಇಲ್ಲ. ಆ ಬೇಸರ ಇಟ್ಟುಕೊಂಡೇ ಬಂದವರಿಗೆ ಎರಡನೇ ವರ್ಷದ ಹೊತ್ತಿಗೆ ವಾರ್ಡಿನಲ್ಲಿ ಪ್ರತಿದಿನ ಅದೇ ಗಾಯ ಕೆದರುತ್ತದೆ. ಇನ್ನೊಂದು ವರ್ಷ ನೀಟ್ ಬರೆಯುವ ಆಸೆ ಅವಳಿಗಿದ್ದರೆ ಈಗಲೇ ಬರೆಯಲಿ, ನರ್ಸಿಂಗ್ ಸೀಟು ಹಿಡಿದು ಮನಸ್ಸು ಅಲ್ಲಿಟ್ಟುಕೊಳ್ಳುವುದು ಬೇಡ.

ಕೆಲಸದ ವಿವರ ಎಂದರೆ ಏನು ಎಂದು ಒಂದು ಡ್ರಿಪ್‌ನಿಂದಲೇ ತೋರಿಸುತ್ತೇನೆ. ಕಾಳುಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದ 65ರ ಹಿರಿಯರೊಬ್ಬರು ವಾರ್ಡಿನಲ್ಲಿದ್ದಾರೆ ಎಂದುಕೊಳ್ಳಿ. 500 ಎಂಎಲ್ ಸಲೈನ್ 8 ಗಂಟೆಯಲ್ಲಿ ಹೋಗಬೇಕು ಎಂದು ಡಾಕ್ಟರು ಬರೆದಿದ್ದಾರೆ. ನರ್ಸ್ ಮೊದಲು ಡ್ರಿಪ್ ಸೆಟ್ಟಿನ ಕವರ್ ಓದಬೇಕು. 20 ಹನಿಗೆ 1 ಎಂಎಲ್ ಎಂದಿದ್ದರೆ, 500ನ್ನು 20ರಿಂದ ಗುಣಿಸಿ 480 ನಿಮಿಷಕ್ಕೆ ಭಾಗಿಸಿದಾಗ ನಿಮಿಷಕ್ಕೆ ಸುಮಾರು 21 ಹನಿ. ಕೈಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಹನಿ ಎಣಿಸಿ, ಹನಿಯ ವೇಗ ತಡೆಯುವ ಕ್ಲಾಂಪ್ ಹೊಂದಿಸಬೇಕು. ಮಕ್ಕಳಿಗೆ ಬಳಸುವ ಮೈಕ್ರೋ ಸೆಟ್ಟಿನಲ್ಲಿ 60 ಹನಿ ಸೇರಿದರೆ 1 ಎಂಎಲ್. ಕವರ್ ನೋಡದೆ ಅದರಲ್ಲಿ 21 ಹನಿ ಬಿಟ್ಟರೆ ಎಂಟು ಗಂಟೆಯಲ್ಲಿ ಹೋಗುವುದು 168 ಎಂಎಲ್ ಮಾತ್ರ. ತಿರುಗಿಸಿ ಹೇಳುವುದಾದರೆ, ಮೈಕ್ರೋ ಸೆಟ್ಟಿನ ಲೆಕ್ಕದ 62 ಹನಿಯನ್ನು ದೊಡ್ಡ ಸೆಟ್ಟಿನಲ್ಲಿ ಬಿಟ್ಟರೆ ಮೂರು ಗಂಟೆಯೊಳಗೆ ಬಾಟಲಿ ಖಾಲಿ.

ಲೆಕ್ಕ ಸರಿಯಿದ್ದರೂ ಮುಗಿಯಲಿಲ್ಲ. ಹಿರಿಯರು ಮೊಣಕೈ ಮಡಚಿ ಮಲಗಿದರೆ ಹನಿ ನಿಧಾನವಾಗುತ್ತದೆ, ಕೈ ಚಾಚಿದರೆ ಮತ್ತೆ ಜೋರಾಗುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ ನೋಡಿದಾಗ ಅರ್ಧ ಬಾಟಲಿ ಉಳಿದಿದೆ, ಆರಕ್ಕೆ ಮುಗಿಯಬೇಕಿತ್ತು. ಇಲ್ಲೇ ಹೊಸಬರು ಜಾರುವುದು: ಕ್ಲಾಂಪ್ ಪೂರ್ತಿ ಬಿಟ್ಟು 'ಮುಗಿಸಿಬಿಡುತ್ತಾರೆ'. ಹೃದಯ ದುರ್ಬಲ ಇರುವವರಿಗೆ ಅಷ್ಟು ನೀರು ಒಮ್ಮೆಲೇ ಹೋದರೆ ಶ್ವಾಸಕೋಶದಲ್ಲಿ ತುಂಬಿಕೊಳ್ಳುತ್ತದೆ, ಬೆಳಗಾಗುವಷ್ಟರಲ್ಲಿ ಉಸಿರು ಎಳೆಯಲು ಶುರು. ಸರಿಯಾದ ಕ್ರಮ ಹೀಗೆ: ಸೂಜಿ ಹಾಕಿದ ಜಾಗ ಊದಿದೆಯೇ ನೋಡುವುದು, ಕೈ ನೇರ ಮಾಡಿಸುವುದು, ಎಷ್ಟು ಹೋಗಿದೆ, ಎಷ್ಟು ಉಳಿದಿದೆ ಎಂದು ಚಾರ್ಟಿನಲ್ಲಿ ಇದ್ದದ್ದನ್ನು ಇದ್ದಂತೆ ಬರೆಯುವುದು, ಡ್ಯೂಟಿ ಡಾಕ್ಟರಿಗೆ ಹೇಳಿ ಹೊಸ ಲೆಕ್ಕ ಪಡೆಯುವುದು.

ಇದನ್ನು ಓದಿಸಿ ನಿಮ್ಮ ಮಗಳ ಮುಖ ನೋಡಿ. 'ಅಯ್ಯೋ, ಇಷ್ಟೆಲ್ಲಾನಾ' ಎಂದರೆ ಒಂದು ಅರ್ಥ, 'ಹಾಗಾದರೆ ಬಾಟಲಿಗೆ ಗೆರೆ ಹಾಕಿ ಗಂಟೆ ಬರೆದಿಟ್ಟರೆ ಆಗಲ್ವಾ' ಎಂದು ಕೇಳಿದರೆ ಇನ್ನೊಂದು ಅರ್ಥ. ಎರಡನೆಯವಳು ಈ ಕೆಲಸದವಳು. ಒಳ್ಳೆಯ ವಾರ್ಡುಗಳಲ್ಲಿ ಬಾಟಲಿಗೆ ಪಟ್ಟಿ ಅಂಟಿಸಿ ಹಾಗೆಯೇ ಗೆರೆ ಹಾಕುತ್ತಾರೆ. ಕರುಣೆ ಬೇಕು, ನಿಜ. ಅದರ ಜೊತೆಗೆ ನಿದ್ದೆಗಣ್ಣಲ್ಲೂ ಲೆಕ್ಕ ತಪ್ಪದ ಶಿಸ್ತು, ಮಲ, ಮೂತ್ರ, ವಾಂತಿಗೆ ಹೇಸದ ಮನಸ್ಸು, ಡಾಕ್ಟರು ಬರೆದದ್ದು ತಪ್ಪೆನಿಸಿದಾಗ 'ಸರ್, ಇನ್ನೊಮ್ಮೆ ನೋಡಿ' ಎನ್ನುವ ಧೈರ್ಯವೂ ಬೇಕು. ಡ್ಯೂಟಿ ಬಹುತೇಕ ಕಡೆ ಬೆಳಗ್ಗೆ 8ರಿಂದ 2, ಮಧ್ಯಾಹ್ನ 2ರಿಂದ 8, ರಾತ್ರಿ 8ರಿಂದ ಬೆಳಗ್ಗೆ 8. ಮದುವೆ, ಪುತ್ತರಿ, ಹುಟ್ಟುಹಬ್ಬ ಯಾವುದೂ ಡ್ಯೂಟಿ ಪಟ್ಟಿಯನ್ನು ಬದಲಿಸುವುದಿಲ್ಲ.

ನಮ್ಮ ಜಿಲ್ಲೆಯದ್ದೇ ಒಂದು ವಿಶೇಷವಿದೆ. ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆ 2016ರಲ್ಲಿ ಶುರುವಾದರೂ, ತಲೆಗೆ ದೊಡ್ಡ ಪೆಟ್ಟು ಬಿದ್ದವರನ್ನು, ಹೃದಯದ ಕೇಸುಗಳನ್ನು ಮೈಸೂರಿಗೋ ಸಂಪಾಜೆ ಘಾಟಿ ಇಳಿದು ಮಂಗಳೂರಿಗೋ ಸಾಗಿಸುವುದು ನಿಂತಿಲ್ಲ. ಮಳೆಗಾಲದಲ್ಲಿ ಮೂರು ಗಂಟೆ ಆಂಬುಲೆನ್ಸಿನಲ್ಲಿ ಆಕ್ಸಿಜನ್ ಮಟ್ಟ ನೋಡುತ್ತಾ ಕೂರುವುದು ಹೆಚ್ಚಾಗಿ ಒಬ್ಬ ನರ್ಸ್. ಇಲ್ಲಿ ಅನುಭವ ಬೇಗ ಬರುತ್ತದೆ, ಭಾರವೂ ಬೇಗ ಬೀಳುತ್ತದೆ.

ಈಗ ನಿಮ್ಮ ಎರಡನೇ ಪ್ರಶ್ನೆ. ಅದೇ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಅಂಕಕ್ಕೆ ಬೇರೆ ಏನಿದೆ? ನನ್ನ ಮಟ್ಟಿಗೆ, ನರ್ಸಿಂಗ್ ಸೇರಿದವರಲ್ಲಿ ಒಂದಷ್ಟು ಜನ ಇವನ್ನು ಕೇಳಿಯೇ ಇರುವುದಿಲ್ಲ, ಅದೇ ಬೇಸರದ ಸಂಗತಿ. ಪೊನ್ನಂಪೇಟೆಯಲ್ಲೇ ಅರಣ್ಯ ಮಹಾವಿದ್ಯಾಲಯವಿದೆ, 4 ವರ್ಷದ ಬಿ.ಎಸ್ಸಿ ಅರಣ್ಯಶಾಸ್ತ್ರ. ಮರ, ಮಣ್ಣು, ಕಾಡುಪ್ರಾಣಿ ಎಂದರೆ ಕಣ್ಣರಳಿಸುವ ಮಗುವಾದರೆ ಅದನ್ನು ಮೊದಲು ನೋಡಿ. ಸೀಟು ಸಿಇಟಿ ಮೂಲಕ, ನಿಮ್ಮಂಥವರಿಗೆ ಕೃಷಿಕರ ಕೋಟಾ ಇದೆ, ಆದರೆ ಅದಕ್ಕೆ ಬೇರೆಯದೇ ಪ್ರಾಯೋಗಿಕ ಪರೀಕ್ಷೆ ಬರೆಯಬೇಕು. ಅರ್ಜಿ ತುಂಬುವಾಗಲೇ ಆ ಕೋಟಾ ಕೇಳದಿದ್ದರೆ ಆಮೇಲೆ ಕೈತಪ್ಪುತ್ತದೆ. ಪಶುವೈದ್ಯಕ್ಕೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ.

ಆಸ್ಪತ್ರೆ ಇಷ್ಟ, ಆದರೆ ರೋಗಿಯ ಮೈ ತೊಳೆಯುವುದು ಬೇಡ ಎನ್ನುವವರಿಗೆ ಲ್ಯಾಬ್ ಟೆಕ್ನಾಲಜಿ, ಎಕ್ಸ್‌ರೇ ಮತ್ತು ಸ್ಕ್ಯಾನಿಂಗ್, ಆಪರೇಷನ್ ಥಿಯೇಟರ್ ಮತ್ತು ಅನಸ್ತೇಸಿಯಾ, ಡಯಾಲಿಸಿಸ್ ಇವೆ. ಸಾಮಾನ್ಯವಾಗಿ ಮೂರು ವರ್ಷ ಪಾಠ, ಒಂದು ವರ್ಷ ಇಂಟರ್ನ್‌ಶಿಪ್. ಡಯಾಲಿಸಿಸ್ ಬಗ್ಗೆ ಒಂದು ಮಾತು: ಒಬ್ಬ ರೋಗಿ ವಾರಕ್ಕೆ ಎರಡು ಮೂರು ಸಲ ಬಂದು ನಾಲ್ಕು ನಾಲ್ಕು ಗಂಟೆ ಕೂರುತ್ತಾರೆ, ವರ್ಷಗಟ್ಟಲೆ ಅದೇ ಮುಖಗಳು. ಜನರೊಡನೆ ಬೆರೆಯುವ, ಯಂತ್ರವನ್ನೂ ಇಷ್ಟಪಡುವ ಮಕ್ಕಳಿಗೆ ಹೇಳಿ ಮಾಡಿಸಿದ ಕೆಲಸ. ಆದರೆ ಈ ಕೋರ್ಸುಗಳಿಗೆ ಸರ್ಕಾರಿ ಹುದ್ದೆಗಳೂ ವಿದೇಶದ ಬಾಗಿಲುಗಳೂ ನರ್ಸಿಂಗ್‌ನಷ್ಟು ಅಗಲವಿಲ್ಲ. ಬಿ.ಎಸ್ಸಿ, ಬಿ.ಎಡ್ ಮಾಡಿ ಟೀಚರ್ ಆಗುವ ದಾರಿಗೆ ಐದು ವರ್ಷ ಓದು, ಆಮೇಲೆ ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿ, ನೇಮಕಾತಿಗೆ ಕಾಯುವಿಕೆ. ಇನ್ನೊಂದು, ಬಿ.ಎಸ್ಸಿ ನರ್ಸಿಂಗ್ ಕೂಡ ಪದವಿಯೇ. ಮುಂದೆ ಕೆಎಎಸ್, ಬ್ಯಾಂಕ್, ಆಸ್ಪತ್ರೆ ಆಡಳಿತ, ಸಾರ್ವಜನಿಕ ಆರೋಗ್ಯ ಯಾವುದಕ್ಕೂ ಅಡ್ಡಿಯಿಲ್ಲ.

ಕೊಡಗಿನವರಿಗೆ ನಾನು ವಿಶೇಷವಾಗಿ ಹೇಳುವ ದಾರಿ ಮಿಲಿಟರಿ ನರ್ಸಿಂಗ್ ಸರ್ವಿಸ್. ಮನೆಮನೆಯಲ್ಲೂ ಸೈನ್ಯದ ಮಾತಿರುವ ಜಿಲ್ಲೆಯಲ್ಲಿ ಇದರ ಬಗ್ಗೆ ಹೆಣ್ಣುಮಕ್ಕಳಿಗೆ ಹೇಳುವವರು ಕಡಿಮೆ. ಬೆಂಗಳೂರಿನ ವಾಯುಪಡೆ ಕಮಾಂಡ್ ಆಸ್ಪತ್ರೆ, ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು (ಎಎಫ್‌ಎಂಸಿ) ಸೇರಿ ಸೈನ್ಯದ ನರ್ಸಿಂಗ್ ಕಾಲೇಜುಗಳಲ್ಲಿ 4 ವರ್ಷದ ಬಿ.ಎಸ್ಸಿ, ಮುಗಿದ ಮೇಲೆ ಲೆಫ್ಟಿನೆಂಟ್ ಆಗಿ ಕಮಿಷನ್, ಅಂದರೆ ಅಧಿಕಾರಿ ಹುದ್ದೆ. ಇದಕ್ಕೆ ನೀಟ್ ಅಂಕ ಬೇಕೇ ಬೇಕು. 'ನಾವು ಎಂಬಿಬಿಎಸ್‌ಗೆ ಹೋಗಲ್ಲ, ನೀಟ್ ಯಾಕೆ' ಎಂದು ಅರ್ಜಿ ಹಾಕದೆ ಬಿಟ್ಟವರಿಗೆ ಆ ವರ್ಷ ಈ ಬಾಗಿಲು ಮುಚ್ಚಿತು ಎಂದೇ ಅರ್ಥ.

ಕೋರ್ಸ್ ವಿಷಯ ಚಿಕ್ಕದಾಗಿ. ಪದವಿಗಿಂತ ಕೆಳಗಿನ ನರ್ಸಿಂಗ್ ಕೋರ್ಸುಗಳು ಎರಡು, ಎಎನ್‌ಎಂ ಮತ್ತು ಜಿಎನ್‌ಎಂ; ಪದವಿ ಎಂದರೆ ಬಿ.ಎಸ್ಸಿ. ಎಎನ್‌ಎಂ 2 ವರ್ಷ, ಜಿಎನ್‌ಎಂ 3 ವರ್ಷ, ಬಿ.ಎಸ್ಸಿ 4 ವರ್ಷ. ಬಿ.ಎಸ್ಸಿಗೆ ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಸೇರಿ ಒಟ್ಟು 45% ಬೇಕು, ಪರಿಶಿಷ್ಟರಿಗೆ 40%, ಆ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು. ಸೈನ್ಸ್ ಓದಿದವಳಾದ್ದರಿಂದ ಜಿಎನ್‌ಎಂ ಬೇಡ, ಬಿ.ಎಸ್ಸಿಯೇ ಇರಲಿ. ಜಿಎನ್‌ಎಂ ಮಾಡಿ ಆಮೇಲೆ ಅವರಿಗೆಂದೇ ಇರುವ 2 ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ ಎಂದರೆ ಒಟ್ಟು ಐದು ವರ್ಷ. ಏಮ್ಸ್‌ನ ನರ್ಸ್ ನೇಮಕಾತಿಯ ನಾರ್ಸೆಟ್ ಪರೀಕ್ಷೆಗೂ ಜಿಎನ್‌ಎಂ ಆದವರು 50 ಹಾಸಿಗೆಯ ಆಸ್ಪತ್ರೆಯಲ್ಲಿ 2 ವರ್ಷ ಕೆಲಸ ಮಾಡಿರಬೇಕು, ಬಿ.ಎಸ್ಸಿಯವರು ನೇರ ಬರೆಯಬಹುದು. ಅಲ್ಲಿ ಆರಂಭದ ಮೂಲ ವೇತನವೇ ₹44,900, 80% ಹುದ್ದೆ ಹೆಣ್ಣುಮಕ್ಕಳಿಗೆ. ಊರು ಬಿಡಲು ಮನಸ್ಸಿಲ್ಲದಿದ್ದರೆ ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಹುದ್ದೆ ಇದೆ, ಗುತ್ತಿಗೆಯದ್ದು.

ನಿಮ್ಮ ನೆಂಟರ ಆಕ್ಷೇಪದಲ್ಲಿ ಹುರುಳಿರುವುದು ಸಂಬಳದ ವಿಷಯದಲ್ಲಿ. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರ ನೇಮಿಸಿದ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ತಿಂಗಳಿಗೆ ₹20,000ಕ್ಕೆ ಕಡಿಮೆ ಇರಬಾರದು, 200ಕ್ಕಿಂತ ಹೆಚ್ಚು ಹಾಸಿಗೆ ಇದ್ದಲ್ಲಿ ರಾಜ್ಯ ಸರ್ಕಾರದ ನರ್ಸ್‌ಗೆ ಸಮಾನವಾಗಿ ಕೊಡಬೇಕು ಎಂದು ಶಿಫಾರಸು ಮಾಡಿತು. ಎಷ್ಟೋ ನರ್ಸಿಂಗ್ ಹೋಂಗಳಲ್ಲಿ ಇದು ಇವತ್ತಿಗೂ ಕಾಗದದಲ್ಲೇ ಇದೆ, ಇದು ಅನ್ಯಾಯ. ಹಾಗಾಗಿ ಮೊದಲ ಎರಡು ವರ್ಷ ಸಂಬಳಕ್ಕಿಂತ ಐಸಿಯು, ಕ್ಯಾಶುವಲ್ಟಿ, ಥಿಯೇಟರ್ ಅನುಭವ ಸಿಗುವ ದೊಡ್ಡ ಆಸ್ಪತ್ರೆಯನ್ನು ಹುಡುಕಲಿ. ಮೂಲ ಅಂಕಪಟ್ಟಿಯನ್ನು 'ಬಾಂಡ್' ಎಂದು ಕೇಳಿದರೆ ಕೊಡಬೇಡಿ, ನಕಲು ಕೊಟ್ಟು ಮೂಲ ತೋರಿಸಿ ವಾಪಸ್ ತನ್ನಿ.

ವಿದೇಶದ ಆಸೆ ಇದ್ದರೆ ಇಂಗ್ಲಿಷಿಗೆ ಮೊದಲ ವರ್ಷದಿಂದಲೇ ದಿನಕ್ಕೊಂದು ಗಂಟೆ. ಇಂಗ್ಲೆಂಡಿಗೆ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ 7, ಬರವಣಿಗೆಯಲ್ಲಿ 6.5, ಅಥವಾ ಆರೋಗ್ಯ ಕ್ಷೇತ್ರದವರ ಇಂಗ್ಲಿಷ್ ಪರೀಕ್ಷೆ ಒಇಟಿ. ಜರ್ಮನಿಗೆ ಬಿ2 ಮಟ್ಟದ ಜರ್ಮನ್, ಅಮೆರಿಕಕ್ಕೆ ಅಲ್ಲಿನ ನರ್ಸಿಂಗ್ ಪರವಾನಗಿ ಪರೀಕ್ಷೆ ಎನ್‌ಕ್ಲೆಕ್ಸ್. ಪಾಸಾಗದೆ ಉಳಿಯುವವರು ಹೆಚ್ಚಾಗಿ ಸೋಲುವುದು ಭಾಷೆಯಲ್ಲಿ, ನರ್ಸಿಂಗ್‌ನಲ್ಲಲ್ಲ. ನೋಂದಾಯಿತ ಏಜೆಂಟರು ಸೇವಾಶುಲ್ಕವೆಂದು ಪಡೆಯಬಹುದಾದದ್ದು ಹೆಚ್ಚೆಂದರೆ ₹30,000 ಮತ್ತು ಅದರ ಮೇಲಿನ ತೆರಿಗೆ. ಲಕ್ಷಗಳಲ್ಲಿ ಕೇಳಿದವರಿಂದ ಎದ್ದು ಬನ್ನಿ.

ಕಾಲೇಜು ನೋಡಲು ಹೋದಾಗ ಕಟ್ಟಡ ನೋಡಬೇಡಿ. ಆಸ್ಪತ್ರೆ ಯಾವುದು, ಎಷ್ಟು ಹಾಸಿಗೆ, ಅದರಲ್ಲಿ ನಿಜಕ್ಕೂ ರೋಗಿಗಳಿದ್ದಾರೆಯೇ, ಹೆರಿಗೆ ವಾರ್ಡ್ ಇದೆಯೇ, ಬಸ್ಸಿನಲ್ಲಿ ಎಷ್ಟು ಹೊತ್ತು ಎಂದು ಕೇಳಿ. ಸಾಧ್ಯವಾದರೆ ಮೂರನೇ ವರ್ಷದ ಮಕ್ಕಳನ್ನೇ ಬೇರೆಯಾಗಿ ಕರೆದು ಕೇಳಿ: 'ಎಷ್ಟು ಸೂಜಿ ಹಾಕಿದ್ದೀಯಮ್ಮ, ಎಷ್ಟು ಹೆರಿಗೆ ನೋಡಿದ್ದೀಯ?' ತಡವರಿಸಿದರೆ ಆ ಕಾಲೇಜಿನಲ್ಲಿ ರೆಕಾರ್ಡ್ ಪುಸ್ತಕ ಮಾತ್ರ ತುಂಬಿಸುತ್ತಾರೆ ಎಂದು ತಿಳಿಯಿರಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಆ ವರ್ಷದ ಪಟ್ಟಿಯಲ್ಲಿ ಹೆಸರಿದೆಯೇ ಎಂದು ನೀವೇ ನೋಡಿ, ಮಧ್ಯವರ್ತಿಯ ಮೊಬೈಲಿನಲ್ಲಿ ತೋರಿಸಿದ ಪತ್ರ ಸಾಲದು. ಥಿಯರಿಗೆ 80% ಹಾಜರಿ, ಪ್ರಾಕ್ಟಿಕಲ್‌ಗೆ ಪದವಿ ಸಿಗುವ ಮುನ್ನ 100% ಆಗಿರಬೇಕು. 'ಬರದಿದ್ದರೂ ಪರವಾಗಿಲ್ಲ' ಎನ್ನುವ ಕಾಲೇಜು ಅವಳ ಕೈಗೆ ಏನನ್ನೂ ಕಲಿಸುವುದಿಲ್ಲ.

ವಾರ್ಡಿಗೆ ಕಾಲಿಡುವ ಮುಂಚೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿ: ಇವತ್ತು ಒಂದು, ತಿಂಗಳಿಗೆ ಇನ್ನೊಂದು, ಆರನೇ ತಿಂಗಳಿಗೆ ಮೂರನೆಯದು. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗಿ ಚುಚ್ಚಿಕೊಳ್ಳುವುದೇ ವಿದ್ಯಾರ್ಥಿಗಳಲ್ಲಿ ಹೆಚ್ಚು. ಚುಚ್ಚಿದರೆ ಸೋಪು, ನೀರಿನಲ್ಲಿ ತೊಳೆದು ತಕ್ಷಣ ಇನ್‌ಚಾರ್ಜ್ ಸಿಸ್ಟರಿಗೆ ಹೇಳಬೇಕು, ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ ಎರಡು ಗಂಟೆಯೊಳಗೆ ಶುರುವಾದರೆ ಉತ್ತಮ, 72 ಗಂಟೆ ದಾಟಬಾರದು. ಬೈಯುತ್ತಾರೆಂದು ಮುಚ್ಚಿಡುವ ಮಕ್ಕಳಿದ್ದಾರೆ, ಇದನ್ನು ಮನೆಯಲ್ಲೇ ಹೇಳಿ ಕಳಿಸಿ.

ಈಗ ಮಾಡಬೇಕಾದದ್ದು: ಸಿಇಟಿ ಅರ್ಜಿ, ಜೊತೆಗೆ ನೀಟ್ ಅರ್ಜಿ, ಎರಡೂ ಹಾಕಿ. ಸರ್ಕಾರಿ ಕೋಟಾದ ಬಿ.ಎಸ್ಸಿ ನರ್ಸಿಂಗ್ ಸೀಟೂ ಈಗ ಪರೀಕ್ಷಾ ಪ್ರಾಧಿಕಾರದ ಸಿಇಟಿಯಲ್ಲೇ ಬರುತ್ತದೆ. ಮಗಳು 1ರಿಂದ 10ರವರೆಗೆ ಹಳ್ಳಿ ಶಾಲೆಯಲ್ಲಿ ಓದಿದ್ದರೆ ಗ್ರಾಮೀಣ ಕೋಟಾ, ಕನ್ನಡದಲ್ಲೇ ಓದಿದ್ದರೆ ಕನ್ನಡ ಮಾಧ್ಯಮ ಕೋಟಾ. ಶಾಲೆಯ ಮುಖ್ಯೋಪಾಧ್ಯಾಯರ ಸಹಿ ಆದ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯ ಮೇಲುಸಹಿಯೂ ಬೇಕು. ಎರಡು ಶಾಲೆ ಬದಲಿಸಿದ್ದರೆ ಎರಡೂ ಕಡೆಯಿಂದ ಪತ್ರ ಬೇಕಾಗುತ್ತದೆ, ಆದ್ದರಿಂದ ಪರೀಕ್ಷೆ ಮುಗಿಯುವವರೆಗೆ ಕಾಯದೆ ಈ ತಿಂಗಳೇ ಓಡಾಡಿ ಮಾಡಿಸಿಟ್ಟುಕೊಳ್ಳಿ.