ಕಾಡಿನ ಕಾಲುದಾರಿ ರಿಪೇರಿ, ಲಂಟಾನ ತೆಗೆಯುವ ಕೆಲಸವನ್ನು ಮ್ಯಾಪ್ ಮಾಡಲು ಯಾವ ಆ್ಯಪ್ ಒಳ್ಳೆಯದು?

ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ಆ್ಯಪ್ ಅಲ್ಲ, ಕೊನೆಯ ಸಾಲು: "ಕೆಲಸ ಮುಗಿದ ಜಾಗ ಹಸಿರು ಬಣ್ಣದಲ್ಲಿ ಕಾಣಬೇಕು." ಅಯ್ಯೋ, ಅದೇ ಹಸಿರು ಬಣ್ಣ ನಮ್ಮ ಒಂದು ವರ್ಷದ ಕೆಲಸ ತಿಂದುಹಾಕಿತು.

2017ರ ಡಿಸೆಂಬರ್. ಬೆಂಗಳೂರಿನಿಂದ ಎರಡು ಗಂಟೆ ದಾರಿಯ ಒಂದು ಮೀಸಲು ಅರಣ್ಯ. ನಾವು 14 ಜನ, ಜಾಸ್ತಿ ಸಾಫ್ಟ್‌ವೇರ್‌ನವರೇ. ಅನುಮತಿ ಪತ್ರ ತಗೊಂಡು ಭಾನುವಾರ ಬೆಳಿಗ್ಗೆ ಹೋಗುತ್ತಿದ್ದೆವು. ಮಳೆನೀರು ಕೊರೆದ ಕಡೆ ದಾರಿಗೆ ಅಡ್ಡಲಾಗಿ, ಸ್ವಲ್ಪ ಓರೆಗೆ ಕಲ್ಲು ಕೂರಿಸುವುದು. ನೀರು ದಾರಿಗುಂಟ ಓಡದೆ ಪಕ್ಕಕ್ಕೆ ಇಳಿಯಲಿ ಅಂತ. ಇನ್ನೊಂದು, ಕಾಡನ್ನೇ ಆವರಿಸಿಕೊಳ್ಳುವ ಲಂಟಾನ ಪೊದೆ ಕೀಳುವುದು. ಮಚ್ಚಿನಲ್ಲಿ ಮೇಲೆ ಮೇಲೆ ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ತಾಯಿಬೇರನ್ನು ಮಣ್ಣಿನೊಳಗೆ ಮೂರ್ನಾಲ್ಕು ಸೆಂಟಿಮೀಟರ್ ಕೆಳಗೆ ಕತ್ತರಿಸಿ, ಪೊದೆಯನ್ನು ತಲೆಕೆಳಗಾಗಿ ಒಣಗಲು ಬಿಡಬೇಕು. ದೆಹಲಿ ವಿಶ್ವವಿದ್ಯಾಲಯದ ಸಿ. ಆರ್. ಬಾಬು ಅವರ ತಂಡ ಹೇಳಿಕೊಟ್ಟ ವಿಧಾನ ಅದು. ಅಷ್ಟು ಸರಿಯಾಗಿಯೇ ಮಾಡಿದೆವು.

ಎಡವಿದ್ದು ಮ್ಯಾಪ್‌ನಲ್ಲಿ, ಮ್ಯಾಪ್ ಮಾಡಿದವನು ನಾನೇ. ಇಡೀ ಜಾಗವನ್ನು ತುಂಡು ತುಂಡು ಮಾಡಿ, ಪ್ರತಿ ತುಂಡಿಗೂ ಒಂದು "ಸ್ಥಿತಿ" ಕೊಟ್ಟಿದ್ದೆ. ಕೆಂಪು ಅಂದರೆ ಬಾಕಿ, ಹಸಿರು ಅಂದರೆ ಮುಗಿದಿದೆ. ಆಫೀಸಿನಲ್ಲಿ ಟಿಕೆಟ್ (ಒಂದೊಂದು ಕೆಲಸದ ನಮೂದು) ಕ್ಲೋಸ್ ಮಾಡಿ ಮಾಡಿ ಬಂದ ಬುದ್ಧಿ ಅಲ್ವಾ! ತಾರೀಕು ಇರಲಿಲ್ಲವೇ ಅಂದರೆ, ಇತ್ತು. ಆದರೆ ಅದು ನಾನು ಮನೆಯಲ್ಲಿ ಕೂತು ಬುಧವಾರ ರಾತ್ರಿ ಗೆರೆ ಎಳೆದ ತಾರೀಕು, ಗಿಡ ಕಿತ್ತ ತಾರೀಕಲ್ಲ. ನೋಡಲು ಅಂದ ಕೆಡುತ್ತದೆ ಅಂತ ಅದನ್ನೂ ಮರೆಮಾಡಿದ್ದೆ. "ಮತ್ತೆ ಯಾವಾಗ ನೋಡಬೇಕು" ಅನ್ನುವ ಕಾಲಂ ಅಂತೂ ಇರಲೇ ಇಲ್ಲ. ಪ್ರತಿ ಶನಿವಾರ ಕೆಂಪು ತುಂಡುಗಳನ್ನಷ್ಟೇ ತೆಗೆದು ನಾಳೆ ಎಲ್ಲಿಗೆ ಅಂತ ಗ್ರೂಪಿಗೆ ಕಳಿಸುತ್ತಿದ್ದೆ. ಹೀಗಾಗಿ ಹಸಿರು ತುಂಡಿನೊಳಗೆ 14 ತಿಂಗಳು ನಮ್ಮಲ್ಲೊಬ್ಬರೂ ಕಾಲಿಡಲಿಲ್ಲ. ಅದೇ ಮ್ಯಾಪನ್ನು ಪ್ರಿಂಟ್ ಹಾಕಿಸಿ ಲ್ಯಾಮಿನೇಶನ್ ಬೇರೆ ಮಾಡಿಸಿದ್ದೆ. ಅಂದರೆ ಇನ್ನು ಬದಲಾಗುವುದೇ ಇಲ್ಲ ಅಂತ!

2019ರ ಫೆಬ್ರವರಿಯಲ್ಲಿ ಬೆಂಕಿ ರೇಖೆ ಕೆಲಸಕ್ಕೆ, ಅಂದರೆ ಕಾಳ್ಗಿಚ್ಚು ಹರಡದಂತೆ ಒಂದು ಪಟ್ಟಿ ಸವರಲು, ಅಲ್ಲಿನ ಅರಣ್ಯ ಇಲಾಖೆಯ ವಾಚರ್ (ಕಾವಲುಗಾರ) ಜೊತೆ ಹೊರಟೆವು. ಅವರು ಹತ್ತಿರದ ದಾರಿ ಅಂತ ನಮ್ಮ ಮೊದಲನೇ ತುಂಡಿನೊಳಗೆ ನುಗ್ಗಿದರು. ಸೊಂಟದುದ್ದ ಲಂಟಾನ. ಒಂದೊಂದರಲ್ಲಿ ಹೂವೂ ಇತ್ತು. ಉಪ್ಪು ಕಾಗದದಂಥ ಎಲೆ ಮೊಣಕೈ ತರಚುತ್ತಿತ್ತು. ಒಂದು ಬಸರಿ ಮರದ ಕೆಳಗೆ ನಿಂತು ಅವರು ಕಾಲಲ್ಲಿ ತರಗೆಲೆ ಸರಿಸಿದರು. ರಾಗಿ ಒಟ್ಟಲಿನ ಹಾಗೆ ಒತ್ತೊತ್ತಾಗಿ ಲಂಟಾನ ಸಸಿ.

"ಪಿಕಳಾರ ಹಕ್ಕಿ ಇಲ್ಲಿ ಕೂರ್ತವೆ ಸಾ. ಹಣ್ ತಿಂದು ಬಂದು ಬೀಜ ಇಲ್ಲೇ ಉದುರುಸ್ತವೆ. ಆಷಾಢದಲ್ಲಿ ಬಂದಿದ್ರೆ ಎರಡು ಬೆಳ್ಳಲ್ಲಿ ಕೀಳ್ಬೋದಾಗಿತ್ತು."

ಲೆಕ್ಕ ಹಾಕಿದೆ. ಹಸಿರು ಬಳಿದಿದ್ದ 11 ತುಂಡುಗಳಲ್ಲಿ 8 ಮತ್ತೆ ಮೊದಲಿನಿಂದ. ಮಳೆಗಾಲದ ಒಂದು ಬೆಳಗಿನ ಕೆಲಸಕ್ಕೆ ಈಗ ಪಿಕಾಸಿ ಹಿಡಿಯಬೇಕಾಯಿತು. ಎಲ್ಲಕ್ಕಿಂತ ಕೆಟ್ಟದಾಗಿದ್ದದ್ದು ದಾರಿಯ ಎರಡೂ ಬದಿ. ಅಗಲ ಮಾಡಿ ಬಿಸಿಲು ಬಿಟ್ಟವರು ನಾವೇ, ಲಂಟಾನಕ್ಕೆ ಬೇಕಾದದ್ದೂ ಬಿಸಿಲೇ. ಗುಂಪಿನ ಅರ್ಧ ಜನ ಆಮೇಲೆ ಬರಲಿಲ್ಲ. ಅವರನ್ನು ಬೈಯಲು ಬಾಯಿ ಬರಲಿಲ್ಲ ನನಗೆ.

ಹಾಗಾಗಿ "ಮುಗಿದಿದೆ" ಅನ್ನುವ ಆಯ್ಕೆಯನ್ನೇ ಕಿತ್ತುಹಾಕಿ. ಕಿತ್ತ ದಿನ, ಕೊನೆಗೆ ನೋಡಿದ ದಿನ, ಮುಂದೆ ನೋಡುವ ದಿನ, ಈ ಮೂರು ಸಾಕು. ಬಣ್ಣವನ್ನು ಎರಡನೆಯದರಿಂದ ಕೊಡಿ: ನೋಡಿ ತುಂಬಾ ದಿನವಾದಷ್ಟೂ ಕೆಂಪಾಗಲಿ. ಹಕ್ಕಿ ಕೂರುವ ದೊಡ್ಡ ಮರಗಳನ್ನು ಒಂದೊಂದಾಗಿ ಗುರುತು ಮಾಡಿ. ದಟ್ಟ ಮರದ ಕೆಳಗೆ ಫೋನಿನ ಜಿಪಿಎಸ್ ಹತ್ತಾರು ಮೀಟರ್ ಆಚೀಚೆ ತೋರಿಸುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಜಾಗದ ಹೆಸರುಗಳನ್ನು ವಾಚರ್ ಬಾಯಿಂದಲೇ ಕೇಳಿ ಬರೆದುಕೊಳ್ಳಿ. "ತುಂಡು 7" ಅಂದರೆ ಅವರಿಗೆ ಏನು ಗೊತ್ತಾಗುತ್ತದೆ? ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ತಮ್ಮ ದೇವರ ಜಾಗಗಳನ್ನು ತಾವೇ ಹೇಳಿ ಜಿಪಿಎಸ್‌ನಲ್ಲಿ ಗುರುತು ಮಾಡಿಸಿದ್ದಾರೆ. ಆ ಥರ ಆಗಬೇಕು.

ಎಲ್ಲರಿಗೂ ಕಾಣುವಂತೆ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ (ಯಾರು ಬೇಕಾದರೂ ತಿದ್ದಬಹುದಾದ ಆನ್‌ಲೈನ್ ಮ್ಯಾಪ್) ಹಾಕೋಣವೇ ಅಂತಲೂ ಕೇಳಿದ್ದೀರಿ. ಬೇಡ. ಅಲ್ಲಿ ಇರಬೇಕಾದದ್ದು ನೆಲದ ಮೇಲೆ ಇರುವ ವಸ್ತು, ನಿಮ್ಮ ಕೆಲಸದ ಪಟ್ಟಿಯಲ್ಲ. ಗಸ್ತಿನ ಕಾಲುದಾರಿಯನ್ನಂತೂ ನೀವಾಗಿ ಹಾಕಲೇಬೇಡಿ, ದಾರಿ ಕಂಡರೆ ಜನ ನುಗ್ಗುತ್ತಾರೆ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜಾತ್ರೆಯಂತೆ ಜನ ಸಾಲುಗಟ್ಟಿದ ವಿಡಿಯೊ ನೋಡಿದ್ದೀರಲ್ಲ.

ಆ್ಯಪ್ ಹೆಸರು ಬೇಕೇ ಬೇಕು ಅಂದರೆ ಕ್ಯೂಫೀಲ್ಡ್ (QField). ಫೋನಿಗೆ ಹಾಕಿಕೊಳ್ಳಲು ದುಡ್ಡಿಲ್ಲ, ನೆಟ್‌ವರ್ಕ್ ಇಲ್ಲದೆಯೂ ನಡೆಯುತ್ತದೆ. ಆದರೆ ಹಿಂದಿನ ರಾತ್ರಿಯೇ ಮ್ಯಾಪ್ ಇಳಿಸಿಕೊಂಡು ಹೋಗಿ. ಭಾನುವಾರ ಬೆಳಿಗ್ಗೆ ಗೇಟಿನ ಹತ್ತಿರ 20 ಜನ ಫೋನ್ ಮೇಲೆತ್ತಿಕೊಂಡು ನಿಲ್ಲಬೇಡಿ.